ಎರಡೂ ಕಡೆ ಸಮ

ಮೊದಲ ಸೋಮವಾರ

ಅಥವಾ ಅವಳು ಬಾಗಿಲಿನಿಂದ ಬರಲೇ ಇಲ್ಲವೇನೋ. ನಾವು ಒಳಗೆ ಹೋಗುವ ಹೊತ್ತಿಗಾಗಲೇ ಕಿಟಕಿಯ ಪಕ್ಕ ನಿಂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದಳೇನೋ. ಬುಡಾಪೆಸ್ಟಿನ ಆ ಚಿತ್ರಶಾಲೆಯ ಮೊದಲ ದಿನವನ್ನು ಊರಿಗೆ ಬಂದ ಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಈಗ ಹೇಳಿದ್ದು ನೆನಪಿದೆ, ಕಂಡದ್ದು ನೆನಪಿಲ್ಲ. ಹೇಳುವಾಗೆಲ್ಲ ಆ ಮಾಡೆಲ್ ಹೆಂಗಸನ್ನು ಬಾಗಿಲಿನಿಂದ ತರುತ್ತೇನೆ, ನೀಲಿ ನಿಲುವಂಗಿಯಲ್ಲಿ, ನಿಧಾನವಾಗಿ. ಹಾಗೆ ತಂದರೆ ಕೇಳುವವರು ಬಾಯಿ ತೆರೆದು ಕೂರುತ್ತಾರೆ. ಆದರೆ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದ ಬೀಜದ ಸಿಪ್ಪೆ ನನ್ನ ಕಣ್ಣಲ್ಲಿದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹಾಗಾಗಿ ಅದೇ ನಿಜವಿರಬೇಕು.

ನಾನು ಇಂಡಿ ಎಂಬ ಊರಿನವಳು, ಹತ್ತಿರದ ವಿಜಯಪುರದಲ್ಲಿ ಚಿತ್ರಕಲೆ ಕಲಿತವಳು. ನಮ್ಮ ಕಾಲೇಜಿನಲ್ಲಿ ಮಾಡೆಲ್ ಎಂದರೆ ಕನ್ನೊಳ್ಳಿಯ ಒಬ್ಬ ಕಾಕಾ. ರುಮಾಲು, ಧೋತರ, ತೋಳಿನ ಅಂಗಿ ಹಾಕಿಕೊಂಡು ಕುರ್ಚಿಯ ಮೇಲೆ ಕೂತ ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದರು. ನಾವು ಐದು ವರ್ಷ ಅವರ ನಿದ್ದೆಯನ್ನು ಬರೆದೆವು. ಹೆಣ್ಣು ಬೇಕಾದರೆ ನಾವು ಹುಡುಗಿಯರೇ ಸರದಿಯಂತೆ ಸೀರೆ ಉಟ್ಟು ಕೂರುತ್ತಿದ್ದೆವು. ಕುತ್ತಿಗೆಯಿಂದ ಕೆಳಗೆ ಮನುಷ್ಯರಿಗೆ ನೆರಿಗೆಗಳಿರುತ್ತವೆ ಎಂಬಷ್ಟು ನನಗೆ ಗೊತ್ತಿತ್ತು. ಜೀವಂತ ದೇಹವನ್ನು ನೋಡಿ ಬರೆಯುವುದನ್ನು ಕಲಿಯಲೆಂದೇ ಆರು ವಾರದ ಆ ತರಗತಿಗೆ ಅಷ್ಟು ದೂರ ಹೋದದ್ದು.

ಒಂದು ಮಾತ್ರ ಖಾತ್ರಿ. ಗಡಿಯಾರ ಗಂಟೆ ಬಾರಿಸಿತು. ನಾವು ಚಪ್ಪಲಿ ಬಿಡುವಷ್ಟು ಸಲೀಸಾಗಿ ಅವಳು ನಿಲುವಂಗಿ ಬಿಟ್ಟು ಮರದ ಕಟ್ಟೆಯ ಮೇಲೆ ಹತ್ತಿ ನಿಂತಳು. ನಾನು ಎದ್ದು ನಿಂತೆ. ಐವತ್ತರ ಆಸುಪಾಸಿನ ಹೆಂಗಸು ಎದುರಿಗೆ ನಿಂತರೆ ನಮ್ಮಲ್ಲಿ ಏಳುತ್ತಾರೆ. ನನ್ನ ಕಾಲಿಗೆ ಗೊತ್ತಿದ್ದದ್ದು ಅಷ್ಟೇ. ಉಳಿದ ಹನ್ನೊಂದು ಜನ ಪೆನ್ಸಿಲ್ ಹೆರೆಯುತ್ತಿದ್ದರು. ಒಬ್ಬ ಹುಡುಗ ಆಕಳಿಸಿದ. ನನಗೆ ಆಘಾತವಾದದ್ದು ಅವಳ ಬತ್ತಲೆಗಿಂತ ಹೆಚ್ಚಾಗಿ ಆ ಆಕಳಿಕೆಯಿಂದ.

ಆ ಇಡೀ ದಿನ ನಾನು ಅವಳ ಪಾದಗಳನ್ನು ಬರೆದೆ. ಮರುದಿನವೂ. ನಮ್ಮ ಗುರು ಗಾಬೋರ್, ಅರವತ್ತು ದಾಟಿದ ಉದ್ದ ಮನುಷ್ಯ, ನನ್ನ ಹಲಗೆಯ ಮುಂದೆ ನಿಂತು ತಮ್ಮ ಒಡಕು ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ದೇಶದಲ್ಲಿ ಮನುಷ್ಯರು ಇಲ್ಲಿಗೇ ಮುಗಿಯುತ್ತಾರೆಯೇ?"

ಸಂಜೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬರಿಮೈಲೆ ನಿಂದರ್ತಾಳ? ಎಲ್ಲಾರ ಮುಂದ?"

"ಹೌದಬೇ."

"ಗಂಡಸೂರೂ ಇರ್ತಾರ?"

"ಇರ್ತಾರ."

ಅವ್ವ ಕೇಳಿದಳು: "ಥಂಡಿ ಹತ್ತೂದಿಲ್ಲೇನ ಆಕೀಗಿ?"

"ಬಾಜೂಕ ಹೀಟರ್ ಇಟ್ಟಿರ್ತಾರಬೇ."

"ಹಂಗಾರ ಅಡ್ಡಿಲ್ಲ ಬಿಡು. ನಿಮ್ಮಪ್ಪಗ ಹೇಳಬ್ಯಾಡ."

ಬಿಸಿನೀರಿನ ಮನೆ, ಒಂದು ಮಂಗಳವಾರ

ಆ ಊರಿನಲ್ಲಿ ನೆಲದೊಳಗಿಂದಲೇ ಬಿಸಿನೀರು ಬರುತ್ತದೆ. ನೂರಾರು ವರ್ಷಗಳ ಹಿಂದೆ ತುರ್ಕರು ಕಟ್ಟಿದ ಗುಮ್ಮಟದ ಕೆಳಗೆ ಇಂದಿಗೂ ಜನ ಮೈ ಕಾಯಿಸುತ್ತಾರೆ. ಗುಮ್ಮಟ ನೋಡಿದ ಕೂಡಲೇ ನನಗೆ ಮನೆಗೆ ಬಂದ ಹಾಗಾಯಿತು. ವಿಜಯಪುರದಲ್ಲಿ ಓದಿದವಳಿಗೆ ಗುಮ್ಮಟವೆಂದರೆ ಪಕ್ಕದ ಮನೆ. ಆ ಧೈರ್ಯದಲ್ಲೇ ಒಳಗೆ ಹೋದೆ.

ಅದು ಹೆಂಗಸರ ದಿನ. ಕರೆದುಕೊಂಡು ಹೋದವಳು ಇನೇಶ್, ತರಗತಿಯಲ್ಲಿ ನನ್ನ ಜೊತೆಗಿದ್ದ ಪೋರ್ಚುಗಲ್ ಹುಡುಗಿ. ಸ್ನಾನಕ್ಕೆ ಬಟ್ಟೆ ತಗೊಂಡು ಬಾ ಎಂದಿದ್ದಳು. ನಾನು ಹಳೆಯದೊಂದು ಚೂಡಿದಾರ್ ಒಯ್ದು, ಅದನ್ನು ಹಾಕಿಕೊಂಡೇ ನೀರಿಗಿಳಿದೆ. ಕಾವಲಿನ ಮುದುಕಿ ಎರಡೂ ಕೈ ಚಪ್ಪಾಳೆ ತಟ್ಟಿ ಕೂಗಿದಳು. ನೀರಿನಲ್ಲಿದ್ದ ನಲವತ್ತು ಹೆಂಗಸರು ತಿರುಗಿ ನೋಡಿದರು. ಅವರ ಮೈಮೇಲೆ ಒಂದು ಎಳೆಯೂ ಇಲ್ಲ. ನಾನೊಬ್ಬಳೇ ತೋಳಿನವರೆಗೆ ಉಟ್ಟುಕೊಂಡು ನಿಂತಿದ್ದೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ನಮ್ಮ ಮನೆಯಲ್ಲಿ ಅವ್ವ ಬಚ್ಚಲಿನ ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದಾಗಲೂ ಲಂಗವನ್ನು ಎದೆಗೆ ಕಟ್ಟಿಕೊಂಡೇ ನೀರು ಹಾಕಿಕೊಳ್ಳುತ್ತಾಳೆ. ಗೊಳಸಂಗಿಯ ನನ್ನ ಅಜ್ಜಿಯೂ ಹಾಗೆಯೇ. ಅವರು ತಮ್ಮ ಮೈಯನ್ನು ಪೂರ್ತಿ ಒಮ್ಮೆಯಾದರೂ ನೋಡಿಕೊಂಡಿದ್ದಾರೋ ಇಲ್ಲವೋ ಎಂದು ಆ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಾಗ ಮೊದಲ ಸಲ ಅನ್ನಿಸಿತು.

ಉಗಿ ಸರಿದಾಗೆಲ್ಲ ಕದ್ದು ನೋಡಿದೆ. ಯಾರೂ ಒಬ್ಬರಂತೆ ಒಬ್ಬರಿಲ್ಲ, ಅದು ಸರಿ. ಒಬ್ಬರ ಎಡಗಡೆ ಅವರದೇ ಬಲಗಡೆಯಂತೆ ಇರಲಿಲ್ಲ. ಒಬ್ಬರದೂ ಇರಲಿಲ್ಲ. ಮೂವತ್ತೆರಡು ವರ್ಷದ ನನಗೆ, ಅದೂ ಚಿತ್ರ ಬರೆಯುವವಳಿಗೆ, ಇದು ಸುದ್ದಿಯಾಗಿತ್ತು.

ಮೂರನೆಯ ಸೋಮವಾರ

ಮೂರನೆಯ ವಾರ ಭಂಗಿ ಬದಲಾಯಿತು. ಮಾಡೆಲ್ ಹೆಂಗಸಿನ ಹೆಸರು ಇಲ್ಡಿಕೊ ಎಂಬುದು ಆಗಲೇ ತಿಳಿದಿತ್ತು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಎರಡು ವಾರ ಕೈ ಇಳಿಬಿಟ್ಟು ನಿಂತವಳು ಈಗ ಸೂರಿನಿಂದ ಇಳಿಬಿಟ್ಟ ಹಗ್ಗವೊಂದನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತಳು. ಗಾಬೋರ್ ಬಗ್ಗಿ ಅವಳ ಪಾದದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆಯಾಗುತ್ತದೆ. ಅವಳು ಇಳಿದು, ನಿಲುವಂಗಿ ಹೊದ್ದು, ಬೀಜ ತಿನ್ನುತ್ತ ಎಲ್ಲರ ಹಲಗೆಗಳನ್ನೂ ನೋಡುತ್ತ ಒಂದು ಸುತ್ತು ಹಾಕುತ್ತಾಳೆ. ಏನೂ ಹೇಳುವುದಿಲ್ಲ. ಮತ್ತೆ ಹತ್ತಿ ಅದೇ ಗೆರೆಯೊಳಗೆ ಕಾಲಿಡುತ್ತಾಳೆ.

ನಾವೂ ಏನೂ ಹೇಳಬಾರದು. ಬಾಗಿಲಿಗೆ ಅಂಟಿಸಿದ ನಿಯಮಗಳಲ್ಲಿ ಅದು ಮೊದಲನೆಯದು: ಮಾಡೆಲ್‌ನ ದೇಹದ ಬಗ್ಗೆ ಮಾಡೆಲ್‌ಗೆ ಒಂದು ಮಾತೂ ಆಡಕೂಡದು, ಹೊಗಳಿಕೆಯಾದರೂ ಸರಿ. ಇಂಡಿಯಲ್ಲಿ ಎದುರು ಸಿಕ್ಕವರು "ಯಾಕ ಸೊರಗೀದಿ?" ಎಂದೋ "ಮೈ ಬಿಟ್ಟು ದಪ್ಪಾಗೀದಿ" ಎಂದೋ ಅನ್ನದಿದ್ದರೆ ಮಾತೇ ಶುರುವಾಗುವುದಿಲ್ಲ. ಆ ನಿಯಮ ಓದಿದಾಗ ಎಂಥ ನಾಗರಿಕ ಜನ ಎಂದುಕೊಂಡಿದ್ದೆ.

ಅಂದು ಗಾಬೋರ್ ನನ್ನ ಹಿಂದೆ ಬಹಳ ಹೊತ್ತು ನಿಂತರು. ನಾನಾಗಲೇ ಪಾದದಿಂದ ಮೇಲೆ ಬಂದಿದ್ದೆ.

"ಇವಳಿಗೆ ಬಟ್ಟೆ ಹೊಲಿಯುತ್ತಿದ್ದೀಯಾ?"

ಪೆನ್ಸಿಲ್ ಕೆಳಗಿಟ್ಟೆ. ನನ್ನ ಅವ್ವ ಊರ ಹೆಂಗಸರಿಗೆ ಜಂಪರ್, ಅಂದರೆ ಸೀರೆಯ ಕುಪ್ಪಸ, ಹೊಲಿಯುವವಳು ಎಂದು ಆ ಊರಿನಲ್ಲಿ ಒಬ್ಬರಿಗೂ ನಾನು ಹೇಳಿರಲಿಲ್ಲ.

ಅವರು ಬೆರಳಿಟ್ಟು ತೋರಿಸಿದರು. ಎದೆಯ ಕೆಳಗೆ ನಾನು ಒಂದು ಅಡ್ಡಗೆರೆ ಎಳೆದಿದ್ದೆ, ಜಂಪರ್ ಮುಗಿಯುವ ಕಡೆ. ತೋಳಿನಲ್ಲಿ ಇನ್ನೊಂದು, ಜಂಪರಿನ ತೋಳು ಮುಗಿಯುವ ಕಡೆ. ಇಲ್ಡಿಕೊಳ ಮೈಮೇಲೆ ಆ ಗೆರೆಗಳಿರಲಿಲ್ಲ. "ಇದು ಹೋಗಲಿ," ಎಂದರು. "ಎರಡೂ ಸ್ತನ ಒಂದೇ ಅಳತೆ. ಒಂದು ಕೈ ಮೇಲಿದೆ, ಇನ್ನೊಂದು ಕೆಳಗಿದೆ. ಹೇಗೆ ಒಂದೇ ಆಗುತ್ತದೆ? ಹಳೆಯವು ತೆಗೆ."

ತೆಗೆದೆ. ಪಾದದವನ್ನು ಬಿಟ್ಟು ಎರಡು ವಾರದ್ದು ಒಂಬತ್ತು ಚಿತ್ರಗಳಿದ್ದವು. ಒಂಬತ್ತರಲ್ಲೂ ಎರಡೂ ಕಡೆ ಸಮ, ಮಡಚಿ ಕತ್ತರಿಸಿದ ಹಾಗೆ.

ಮಡಚಿ ಕತ್ತರಿಸುವುದೇ ಅವ್ವನ ರೀತಿ. ನಮ್ಮ ಕಡೆ ಯಾರ ಮೈಗೂ ಟೇಪು ಹಿಡಿಯುವುದಿಲ್ಲ. ಹೊಲಿಸುವವರು ತಮ್ಮದೊಂದು ಹಳೆಯ ಜಂಪರ್ ಅಳತೆಗೆಂದು ಕೊಟ್ಟು ಹೋಗುತ್ತಾರೆ. ಅವ್ವ ಅದನ್ನು ನೆಲದ ಮೇಲೆ ಹಾಸಿ, ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅರ್ಧ ಮೈಯನ್ನು ಮಾತ್ರ ಕತ್ತರಿಸುತ್ತಾಳೆ. ಇನ್ನರ್ಧ ತಾನೇ ಬರುತ್ತದೆ. ನಾನು ಅದರ ಪಕ್ಕ ಕೂತು ಬೆಳೆದವಳು. ಇಲ್ಡಿಕೊಳನ್ನು ಎರಡು ವಾರ ನೋಡಿದ್ದೇನೆ ಎಂದುಕೊಂಡಿದ್ದೆ. ಅರ್ಧವನ್ನು ನೋಡಿ ಇನ್ನರ್ಧವನ್ನು ಮಡಿಕೆಯಿಂದ ತೆಗೆದಿದ್ದೆ.

ಗುರುವಾರ

ಹಳೆಯ ಅಭ್ಯಾಸ ಬಿಡಲು ಮೂರು ದಿನ ಬೇಕಾಯಿತು. ಬಲಗಡೆಯನ್ನು ಬರೆಯಲೇಬಾರದೆಂದು ಅದರ ಮೇಲೆ ಕಾಗದದ ಚೂರೊಂದನ್ನು ಅಂಟಿಸಿಕೊಂಡು, ಎಡಗಡೆಯೊಂದನ್ನೇ ಬರೆದೆ.

ಗುರುವಾರ ಬೆಳಗಿನ ಎರಡನೆಯ ಸರದಿಯಲ್ಲಿ ಅದು ಕಂಡಿತು. ಎತ್ತಿದ ತೋಳಿನ ಕೆಳಗೆ, ಎಡಸ್ತನದ ಹೊರಬದಿಗೆ, ಒಂದು ಸಣ್ಣ ಹೊಂಡ. ದಾರ ಬಿಗಿಯಾಗಿ ಎಳೆದುಹೋದಾಗ ಹೊಲಿಗೆಯ ಸುತ್ತ ಬಟ್ಟೆ ಒಳಗೆ ಸೇದುತ್ತದಲ್ಲ, ಹಾಗೆ. ಕಿಟಕಿಯ ಬೆಳಕು ಅಡ್ಡ ಬೀಳುತ್ತಿದ್ದುದರಿಂದ ಅದರಲ್ಲಿ ನೆರಳು ನಿಂತಿತ್ತು. ನಾನು ಆ ನೆರಳನ್ನು ಬರೆದೆ.

ಗಾಬೋರ್ ಬಂದರು. ಅದೇ ಜಾಗಕ್ಕೆ ಬೆರಳಿಟ್ಟು, "ಇದು ಚೆನ್ನಾಗಿದೆ. ಈಗ ನೋಡುತ್ತಿದ್ದೀಯಾ," ಎಂದು ಮುಂದೆ ಹೋದರು.

ಈ ಹೊಂಡವನ್ನು ನಾನು ಮೊದಲು ಕಂಡಿದ್ದೆ. ಮೈಮೇಲೆ ಅಲ್ಲ, ಬಟ್ಟೆಯ ಮೇಲೆ.

ನಮ್ಮ ಹಿಂದಿನ ಓಣಿಯಲ್ಲಿ ಎಲ್ಲರಿಗೂ ಅತ್ತಿಗೆಯಂತಿದ್ದ ನೀಲಾ ವೈನಿಯ ಜಂಪರ್ ಅದು. ಪಂಚಮಿಗೆ ಹೊಲಿಸಿದಾಗ ಎಡಗಡೆ ಸ್ವಲ್ಪ ಸಡಿಲ ಎಂದರು. ದಸರೆಗೆ ಇನ್ನೂ ಸ್ವಲ್ಪ. ಸಂಕ್ರಾಂತಿಗೆ ಅವರು ತೊಟ್ಟು ನೋಡುವಾಗ ಎಡಗಡೆ ಒಂದು ಕಡೆ ಬಟ್ಟೆ ಒಳಗೆ ಸೇದಿ ನಿಂತಿತು. ಅವ್ವ ಅದನ್ನು ಬಿಚ್ಚಿ, ಒಳಗೆ ಎರಡು ಪದರ ಅಸ್ತರಿ ಕೊಟ್ಟು, ಹೊರಗಿನಿಂದ ಎರಡೂ ಕಡೆ ಸಮ ಕಾಣುವಂತೆ ಹೊಲಿದು ಕೊಟ್ಟಳು. ವೈನಿ ಬಹಳ ಖುಷಿಪಟ್ಟರು. ಎರಡು ವರ್ಷದೊಳಗೆ ತೀರಿಕೊಂಡರು, ಎದೆಯ ಕ್ಯಾನ್ಸರ್ ಗಂಟಿನಿಂದ. ನನಗಾಗ ಹನ್ನೊಂದೋ ಹನ್ನೆರಡೋ.

ಮಧ್ಯಾಹ್ನ ನನ್ನ ಒಂಬತ್ತು ಹಳೆಯ ಚಿತ್ರಗಳನ್ನೂ ನೆಲದ ಮೇಲೆ ಹಾಸಿ ಕೂತೆ. ಈ ಹೊಂಡ ಮೊದಲ ವಾರವೂ ಇತ್ತೋ, ಈಗ ಬಂದಿದೆಯೋ ತಿಳಿಯಬೇಕಿತ್ತು. ಹಳೆಯದಾದರೆ ಅದು ಎಂದಿನದೋ ಗಾಯವಿರಬಹುದು. ಆದರೆ ಒಂಬತ್ತರಲ್ಲೂ ಎಡಗಡೆಯೆಂದರೆ ಬಲಗಡೆಯ ನಕಲು. ಕೈ ಇಳಿಬಿಟ್ಟಾಗ ಅದು ಕಾಣುತ್ತಿರಲೇ ಇಲ್ಲವೋ ಏನೋ. ಕಂಡಿದ್ದರೂ ನನ್ನ ಕೈ ಅದನ್ನು ಹೊಲಿದು ಮುಚ್ಚುತ್ತಿತ್ತು. ಇನೇಶಳ ಚಿತ್ರಗಳನ್ನು ಕೇಳಿದೆ. ಅವಳು ಮೂರು ವಾರವೂ ಇಲ್ಡಿಕೊಳ ಬೆನ್ನ ಹಿಂದೆ ಕೂತಿದ್ದಳು.

ಇಂಡಿ, ಫೋನಿನಲ್ಲಿ

ಅವ್ವ ಊಟ ಮಾಡಿ ಹೊಲಿಗೆಗೆ ಕೂತ ಹೊತ್ತು. ಮಷಿನ್ನಿನ ಸದ್ದು ಕೇಳುತ್ತಿತ್ತು. ಕಂಡದ್ದನ್ನು ಹೇಳಿದೆ. ಸದ್ದು ನಿಂತಿತು.

"ನಿನಗ್ಯಾಕ ಬೇಕು, ಖೋಡಿ? ಪರದೇಶದಾಗ ಕುಂತು. ಏನರ ಹೆಚ್ಚುಕಮ್ಮಿ ಆದ್ರ?"

"ಇಲ್ಲಿ ಹೇಳಬಾರದಂತ ಕಾಯ್ದೇನೂ ಐತಬೇ."

"ಮತ್ತ? ಆತಲ್ಲ. ಸುಮ್ನ ಚಿತ್ರ ತಗದು ಬಾ."

"ನೀ ನೀಲಾ ವೈನಿಗೂ ಹೇಳಲಿಲ್ಲ."

ಈ ಮಾತು ಬಾಯಿಂದ ಬಂದಾಗ ನಾನೇ ಬೆಚ್ಚಿದೆ. ಇಪ್ಪತ್ತು ವರ್ಷದಲ್ಲಿ ಇದನ್ನು ನಾವು ಆಡಿರಲಿಲ್ಲ.

"ಯಾರಂದ್ರು? ಹೇಳೇನಿ ನಾ. ಬಿಜಾಪುರಕ್ಕ ಹೋಗಿ ತೋರಸ್ಕೊಂಡ ಬಾ ವೈನಿ ಅಂತ ಕೈ ಹಿಡದು ಹೇಳೇನಿ."

"ನಾ ಅಲ್ಲೇ ಕುಂತಿದ್ನೆಲ್ಲಬೇ. ಅಸ್ತರಿ ಕೊಟ್ಟಿ, ಜಂಪರ್ ಮಡಚಿ ಕೊಟ್ಟಿ. ಏನೂ ಅನಲಿಲ್ಲ."

"ನೀ ಸಾಲಿಗಿ ಹೋಗಿದ್ದಿ."

"ಸಂಕ್ರಾಂತಿಗಿ ಎಲ್ಲಿ ಸಾಲಿ?"

ಗೆದ್ದೆ ಎಂದುಕೊಂಡೆ. ಆದರೆ ಅದು ಸಂಕ್ರಾಂತಿಯೇ ಆಗಿತ್ತೆಂದು ಹೇಳುತ್ತಿರುವವಳೂ ನಾನೇ. ಬೇರೆ ಸಾಕ್ಷಿ ಇಲ್ಲ. ಒಂಬತ್ತು ಚಿತ್ರದಲ್ಲಿ ಸುಳ್ಳು ಬರೆದ ಕಣ್ಣೇ ಆ ದಿನವನ್ನೂ ನೋಡಿದ್ದು.

"ಅವ್ವಾ?"

"ಹೇಳಿದ್ದು ನನಗ ನೆನಪೈತಿ," ಅಂದಳು. ದನಿ ಬೇರೆಯಾಗಿತ್ತು. "ಹೇಳಬೇಕಂತ ದಿನಾ ಅನಕೊಂಡು ಅನಕೊಂಡು ಹಂಗ ನೆನಪುಳದೈತೋ, ಖರೇನ ಹೇಳೇನೋ... ಏ ಶಾರಿ, ನೀ ಹೇಳೇ ಬಿಡು ಆಕೀಗಿ. ಬೈದ್ರ ಬೈಸ್ಕೊ."

ಮಷಿನ್ ಮತ್ತೆ ಶುರುವಾಯಿತು. ಫೋನ್ ಇಡುವುದನ್ನು ಮರೆತಿದ್ದಳು. ನಾನೂ ಇಡಲಿಲ್ಲ.

ಶುಕ್ರವಾರ

ಇಲ್ಡಿಕೊಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಹಂಗೇರಿಯನ್ ಬರುತ್ತಿರಲಿಲ್ಲ. ಎರಡು ಸಾಲನ್ನು ಫೋನಿಗೆ ಅನುವಾದಕ್ಕೆ ಕೊಟ್ಟು, ಬಂದ ಅಕ್ಷರಗಳನ್ನು ಒಂದೊಂದಾಗಿ ಚೀಟಿಯ ಮೇಲೆ ಬರೆದುಕೊಂಡೆ. ನಾನು ಕೊಟ್ಟ ಮಾತು: ಇಲ್ಲಿ ಚರ್ಮ ಒಳಗೆ ಸೇದಿದೆ, ದಯವಿಟ್ಟು ವೈದ್ಯರಿಗೆ ತೋರಿಸಿ. ಫೋನು ಕೊಟ್ಟದ್ದು ಏನೆಂದು ನನಗೆ ಗೊತ್ತಿಲ್ಲ.

ಮೂರನೆಯ ಸಲ ಗಂಟೆಯಾದಾಗ ಅವಳು ಇಳಿದಳು. ನಿಲುವಂಗಿ ಹೊದ್ದು ಸುತ್ತು ಶುರುಮಾಡಿದಳು. ಗಾಬೋರ್ ಕಾಫಿಗೆ ಹೊರಗೆ ಹೋಗಿದ್ದರು. ನನ್ನ ಹಲಗೆಯ ಮುಂದೆ ಬಂದಾಗ ನಾನು ಚಿತ್ರದ ಆ ಜಾಗವನ್ನು ಮುಟ್ಟಿದೆ, ಆಮೇಲೆ ನನ್ನ ಎದೆಯ ಅದೇ ಜಾಗವನ್ನು. ಚೀಟಿ ಕೊಟ್ಟೆ.

ಅವಳು ಬೀಜ ಅಗಿಯುವುದನ್ನು ನಿಲ್ಲಿಸಿದಳು. ಚೀಟಿಯನ್ನು ಎರಡು ಸಲ ಓದಿದಳು. ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅವಳು ಸಣ್ಣಗೆ ನಗುತ್ತಾಳೆ. ಇನ್ನೊಂದರಲ್ಲಿ ಅವಳ ಮುಖ ಕೆಂಪಾಗುತ್ತದೆ, ಯಾರೋ ಬೀದಿಯಲ್ಲಿ ಸೆರಗು ಎಳೆದ ಹಾಗೆ. ಎರಡೂ ಅಷ್ಟೇ ಸ್ಪಷ್ಟ. ಹತ್ತೊಂಬತ್ತು ವರ್ಷ ಬತ್ತಲೆ ನಿಂತವಳು ನಿಲುವಂಗಿಯ ಎರಡು ಅಂಚುಗಳನ್ನು ಕುತ್ತಿಗೆಯವರೆಗೆ ಎಳೆದುಕೊಂಡದ್ದು ಮಾತ್ರ ಎರಡರಲ್ಲೂ ಇದೆ. ಆಗ ನನಗೆ ದಿಗಿಲಾಯಿತು. ನಿನ್ನ ಎರಡು ಸ್ತನ ಸಮ ಇಲ್ಲ ಎಂದು ಹಂಗಿಸಿದ ಹಾಗೆ ಅವಳಿಗೆ ಕೇಳಿಸಿತೋ?

ಏನೋ ಎರಡು ಮಾತು ಹೇಳಿದಳು, ಮೆಲ್ಲಗೆ. ಹಲಗೆಯ ಕ್ಲಿಪ್ಪು ತಾನೇ ತೆಗೆದು, ಚಿತ್ರವನ್ನು ಸುರುಳಿ ಸುತ್ತಿ, ಚೀಟಿಯೊಂದಿಗೆ ತೆಗೆದುಕೊಂಡು ಪರದೆಯ ಹಿಂದೆ ಹೋದಳು. ಗಂಟೆಯಾದ ಮೇಲೆ ಎಂದಿನಂತೆ ಬಂದು ಸೀಮೆಸುಣ್ಣದ ಗೆರೆಯೊಳಗೆ ನಿಂತು ಹಗ್ಗ ಹಿಡಿದಳು. ಆ ಇಪ್ಪತ್ತು ನಿಮಿಷ ನನ್ನನ್ನೇ ನೋಡಿದಳು. ನಾನು ಒಂದು ಗೆರೆಯೂ ಎಳೆಯಲಿಲ್ಲ.

ನಾಲ್ಕನೆಯ ಸೋಮವಾರ

ಕಟ್ಟೆಯ ಮೇಲೆ ಒಬ್ಬ ಗಡ್ಡದ ಯುವಕ ಕೂತಿದ್ದ. ಇಲ್ಡಿಕೊಳ ಪಾದದ ಗುರುತು ಇನ್ನೂ ಅಲ್ಲೇ ಇತ್ತು. ಅವನು ಅದರ ಮೇಲೆ ದಿಂಬು ಹಾಕಿಕೊಂಡಿದ್ದ.

ಗಾಬೋರ್ ನನ್ನನ್ನು ಹೊರಗಿನ ಮೆಟ್ಟಿಲಿಗೆ ಕರೆದರು. "ನೀನು ಅವಳಿಗೆ ಏನೋ ತೋರಿಸಿದೆಯಂತೆ."

ಹೇಳಿದೆ, ಎಲ್ಲವನ್ನೂ. ನೀಲಾ ವೈನಿಯ ಜಂಪರನ್ನೂ. ಅವರು ಕೇಳುತ್ತ ಕೇಳುತ್ತ ಬಿಳಿಚಿಕೊಂಡರು. ಸಿಟ್ಟಿಗೋ, ಹೆದರಿಕೆಗೋ ತಿಳಿಯಲಿಲ್ಲ.

"ನಾವು ಇಲ್ಲಿ ಗೆರೆ ನೋಡುತ್ತೇವೆ, ನೆರಳು ನೋಡುತ್ತೇವೆ. ಹಾಗೆ ನೋಡುತ್ತೇವೆಂದೇ ಅವರು ನಮ್ಮ ಮುಂದೆ ನಿಲ್ಲಬಲ್ಲರು. ನೀನು ಅದನ್ನು ಮುರಿದೆ."

"ನೀವೂ ಅದನ್ನು ನೋಡಿದ್ದಿರಿ, ಸರ್. ಬೆರಳಿಟ್ಟು ಚೆನ್ನಾಗಿದೆ ಎಂದಿರಿ."

"ಚಿತ್ರ ಚೆನ್ನಾಗಿತ್ತು," ಎಂದರು.

"ಅವರು ಯಾಕೆ ಬಂದಿಲ್ಲ?"

"ಅದು ನಿನಗೆ ಸಂಬಂಧಿಸಿದ್ದಲ್ಲ. ನನಗೂ ಅಲ್ಲ."

ಅಷ್ಟು ಹೇಳಿ ಒಳಗೆ ಹೋದರು. ಉಳಿದ ಮೂರು ವಾರ ಅವರು ನನ್ನ ಹಲಗೆಯ ಮುಂದೆ ಬಂದಾಗೆಲ್ಲ ಸರಿಯಾಗಿಯೇ ತಿದ್ದಿದರು, ಆದರೆ ಹೆಸರು ಹಿಡಿದು ಕರೆಯಲಿಲ್ಲ. ಇಲ್ಡಿಕೊ ಮತ್ತೆ ಬರಲಿಲ್ಲ. ಇನೇಶ್ ಕಚೇರಿಯಲ್ಲಿ ಕೇಳಿ ನೋಡಿದಳು; ಮಾಡೆಲ್‌ಗಳ ವಿಷಯ ಹೊರಗೆ ಹೇಳುವುದಿಲ್ಲ ಎಂದರಂತೆ.

ಇಂಡಿ

ಅವ್ವ ಬಾಗಿಲು ಹಾಕಿ, ಅಪ್ಪ ಪೇಟೆಗೆ ಹೋಗಿದ್ದನ್ನು ಖಾತ್ರಿ ಮಾಡಿಕೊಂಡು, "ತಗಿ, ನೋಡೂಣು," ಅಂದಳು. ಕತ್ತರಿಸುವ ಚಾಪೆಯ ಮೇಲೆ ಚಿತ್ರಗಳನ್ನು ಹಾಸಿದೆ. ಮೊದಲು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಕನ್ನಡಕ ಹಾಕಿಕೊಂಡಳು.

"ಭುಜ ಇಳದಾವ ಈಕೀವು. ಉದ್ದ ತೋಳ ಒಪ್ಪೂದಿಲ್ಲ." ಇನ್ನೊಂದನ್ನು ಎತ್ತಿದಳು. "ಎಲ್ಲೈತಿ ನೀ ಅಂದಿದ್ದು?"

"ಇದರಾಗಿಲ್ಲಬೇ. ಅದನ್ನ ಆಕೀನ ಒಯ್ದಾಳ."

"ದವಾಖಾನಿಗಿ ಹೋದಳೇನು?"

"ಗೊತ್ತಿಲ್ಲ."

"ಸಿಟ್ಟು ಮಾಡಿಕೊಂಡಳೇನು?"

"ಅದೂ ಗೊತ್ತಿಲ್ಲಬೇ."

ಅವ್ವ ಬಹಳ ಹೊತ್ತು ಇಲ್ಡಿಕೊಳ ಮುಖವನ್ನು ನೋಡಿದಳು. ಮುಖವನ್ನು ನಾನು ಚೆನ್ನಾಗಿ ಬರೆದಿರಲಿಲ್ಲ.

ಅಲ್ಲಿಂದ ಬಂದ ಮೇಲೆ ಚಿತ್ರಶಾಲೆಗೆ ಎರಡು ಸಲ ಪತ್ರ ಬರೆದೆ. ಉತ್ತರ ಬರಲಿಲ್ಲ. ನಾನು ಕಂಡದ್ದು ಗಂಟೋ, ಹಳೆಯ ಗಾಯವೋ, ಅಡ್ಡ ಬೆಳಕಿನ ನೆರಳೋ ನನಗೆ ಗೊತ್ತಿಲ್ಲ. ಚೀಟಿಯಲ್ಲಿ ನಾನು ಏನು ಬರೆದುಕೊಟ್ಟೆನೋ ಗೊತ್ತಿಲ್ಲ. ಒಬ್ಬ ಹೆಂಗಸಿನ ಜೀವ ಉಳಿಸಿದೆನೋ, ಹತ್ತೊಂಬತ್ತು ವರ್ಷದ ಅವಳ ಕೆಲಸ ಕಳೆದೆನೋ, ಎರಡೂ ಅಲ್ಲವೋ, ಗೊತ್ತಿಲ್ಲ. ಅವಳು ಈಗ ಇದ್ದಾಳೆಯೇ ಎಂಬುದೂ ಗೊತ್ತಿಲ್ಲ.